ವೇದನೆಗೆ ವಿಷದ ಔಷಧ

ವಿಷದ ಪರಿಣಾಮವನ್ನು ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಗೌರಿಬಿದನೂರು, ಚಿಂತಾಮಣಿಗಳ ಕಡಲೆಕಾಯಿ ಹೊಲಗಳಲ್ಲಿಯೂ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳಲ್ಲಿಯೂ ನಾಗರ, ಕೊಳಕುಮಂಡಲಗಳ ಭಯ ಇದ್ದೇ ಇದೆ. ಆದರೆ ಯುಕ್ತಿಯರಿತು ಬಳಸಿದಲ್ಲಿ ವಿಷವೂ ಔಷಧವಾಗುವುದೆಂಬುದು ಚರಕಸಂಹಿತೆಯ ಅಭಿಪ್ರಾಯ; ವತ್ಸನಾಭಿಯನ್ನು ಶೋಧನೆ ಮಾಡಿ ಬಳಸುವ ಪದ್ಧತಿಯೂ ನಮ್ಮಲ್ಲಿ ಪ್ರಾಚೀನವಾದುದು. ಆಧುನಿಕ ವಿಜ್ಞಾನದಲ್ಲಿ ಇದಕ್ಕೊಂದು ನಿದರ್ಶನ ಜಿಕೊನೊಟೈಡ್ ಎಂಬ ವೇದನಾಹಾರಿ.

ಇದರ ಮೂಲ ಹಾವಲ್ಲ, ಕಡಲಿನ ಒಂದು ಬಸವನಹುಳು. ಚಿಪ್ಪು ಶಂಕುವಿನ ಆಕಾರದ್ದು. (ಶಂಖವೆಂದು ಓದಿಕೊಳ್ಳಬಾರದು, ಶಂಖದ ಜೀವಿ ಬೇರೆ.) ಮೆಲ್ಲನೆ ತೆವಳುವ ಈ ಪ್ರಾಣಿಗೆ ಈಜುವ ಮೀನನ್ನು ಹಿಡಿಯಲು ವಿಷವಲ್ಲದೆ ಗತಿಯಿಲ್ಲ. ಈಟಿಯಂತಹ ಟೊಳ್ಳುಹಲ್ಲಿನಿಂದ ಚುಚ್ಚಿ ಮೀನನ್ನು ಕ್ಷಣಮಾತ್ರದಲ್ಲಿ ಸ್ತಂಭಿತಗೊಳಿಸುತ್ತದೆ. ಫಿಲಿಪೈನ್ಸ್ ದೇಶದಲ್ಲಿ ಜನಿಸಿದ ಬಾಲ್ಡೊಮೆರೊ ಒಲಿವೆರಾ ಅವರು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಈ ವಿಷವನ್ನು ಪರಿಶೀಲಿಸುತ್ತಿದ್ದಾಗ, ಕೋನಸ್ ಮೇಗಸ್ ಎಂಬ ಜಾತಿಯಿಂದ ಈ ಅಂಶವನ್ನು ಬೇರ್ಪಡಿಸಿದವರು ಅವರ ತರುಣ ವಿದ್ಯಾರ್ಥಿ ಮೈಕೆಲ್ ಮ್ಯಾಕಿಂಟಾಷ್. ಪ್ರೌಢಶಾಲೆ ಮುಗಿಸಿದೊಡನೆಯೇ, 18ರ ಹರೆಯದಲ್ಲಿ, ಅವರು ಆ ಪ್ರಯೋಗಶಾಲೆಯನ್ನು ಸೇರಿದ್ದರೆಂಬುದು ಅಧ್ಯಾಪಕರು ಗಮನಿಸತಕ್ಕ ಸಂಗತಿ.

ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ನರದಿಂದ ಮತ್ತೊಂದಕ್ಕೆ ದಾಟಬೇಕಾದರೆ ನರದ ತುದಿಯ ಸೂಕ್ಷ್ಮದ್ವಾರಗಳ ಮೂಲಕ ಕ್ಯಾಲ್ಸಿಯಂ ಒಳಸೇರಬೇಕು. 25 ಅಮೈನೋ ಆಮ್ಲಗಳ ಈ ಪುಟ್ಟ ಸರಪಣಿ ಆ ದ್ವಾರಗಳನ್ನೇ ಮುಚ್ಚಿಬಿಡುತ್ತದೆ. ಮಾರ್ಫಿನ್ನಿನಂತೆ ಚಟ ಹಿಡಿಸುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ 2004ರಲ್ಲಿ ಅನುಮತಿ ದೊರೆಯಿತು. ಔಷಧಕ್ಕಾಗಿ ಹುಳುಗಳನ್ನು ಕೊಲ್ಲಬೇಕಾಗಿಲ್ಲ. ಅದನ್ನು ರಾಸಾಯನಿಕವಾಗಿಯೇ ತಯಾರಿಸುತ್ತಾರೆ.

ಹಾಗೆಂದು ಇದು ಸಂಜೀವಿನಿಯಲ್ಲ. ನುಂಗುವ ಮಾತ್ರೆಯಾಗಿ ಇದು ಫಲಿಸದು. ಬೆನ್ನುಹುರಿಯ ಸುತ್ತಣ ದ್ರವಕ್ಕೆ ಪಂಪಿನ ಮೂಲಕ ಹನಿಹನಿಯಾಗಿ ಸೇರಿಸಬೇಕು. ಪ್ರಮಾಣ ತುಸು ಮೀರಿದರೂ ತಲೆಸುತ್ತು, ಮರೆವು, ಮತಿಭ್ರಮೆಗಳು ತಲೆದೋರಬಹುದು. ಮನೋವಿಕಾರಕ್ಕೆ ಹಿಂದೆ ತುತ್ತಾದವರಿಗೆ ಕೊಡಲೇಕೂಡದು. ಉಳಿದ ಚಿಕಿತ್ಸೆಗಳಿಗೆ ಬಗ್ಗದ ತೀವ್ರ ವೇದನೆಗೆ ಮಾತ್ರ ಇದರ ಉಪಯೋಗ.

ಕಡಲಿಲ್ಲದ ಬೆಂಗಳೂರಿನಲ್ಲಿಯೂ ಈ ವಿಷಗಳ ಅಧ್ಯಯನ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಅವರೂ, 2014ರಲ್ಲಿ ನಿಧನರಾದ ಕೆ. ಎಸ್. ಕೃಷ್ಣನ್ ಅವರೂ ತಮಿಳುನಾಡಿನ ತೀರದ ಹುಳುಗಳ ವಿಷಾಂಶಗಳನ್ನು ವಿಶ್ಲೇಷಿಸಿದರು.

ಆದರೂ ಚಿಕ್ಕಬಳ್ಳಾಪುರದ ಹಳ್ಳಿಯೊಂದರಲ್ಲಿ ಅರ್ಬುದದಿಂದ ನರಳುವ ಬಡವನಿಗೆ ಇಂದಿಗೂ ಆಸರೆಯಾಗಬಲ್ಲದು ಅಗ್ಗದ ಮಾರ್ಫಿನ್ ಮಾತ್ರೆಯೇ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಅದೂ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಆದರೆ ಮಾತ್ರೆಯನ್ನು ಬರೆದುಕೊಡಲು ತರಬೇತಿ ಪಡೆದ ವೈದ್ಯನು ಹತ್ತಿರದಲ್ಲಿರಬೇಕಷ್ಟೆ.