ಮುಗಿಲಿಗೇರುವ ಸದ್ದು

ಮಂಚೇನಹಳ್ಳಿಯಿಂದ ಗೌರಿಬಿದನೂರಿನ ಕಡೆ ಬಸ್ಸು ಓಡುವಾಗ ರಸ್ತೆಯ ಬದಿಗೆ ಮುಸುಕಿನ ಜೋಳ, ಹಿಪ್ಪುನೇರಳೆ, ನಡುನಡುವೆ ಬಂಡೆಗುಡ್ಡ. ಊರು ದಾಟಿ ಮುಂದೆ ಕೋಟಲದಿನ್ನೆ ಹತ್ತಿರ ನೋಟವೇ ಬೇರೆ. ಬಯಲಲ್ಲಿ ಸಾಲು ಕಂಬ, ಕಂಬದ ಮೇಲೆ ಮೀನಿನ ಮುಳ್ಳಿನಂತೆ ಅಡ್ಡಡ್ಡ ಕೂರಿಸಿದ ಅಲ್ಯೂಮಿನಿಯಂ ಕೊಳವೆಗಳು. ಒಂದು ತುದಿಯಲ್ಲಿ ಗಿಡ್ಡ, ಇನ್ನೊಂದು ತುದಿಗೆ ಬರುಬರುತ್ತ ಉದ್ದ. ಗಿಡ್ಡವು ಚಿಕ್ಕ ಅಲೆಗೆ, ಉದ್ದವು ದೊಡ್ಡ ಅಲೆಗೆ. ಸೂರ್ಯನಿಂದ ಬರುವ ರೇಡಿಯೊ ಅಲೆ ಹಿಡಿಯುವ ಆಂಟೆನಾಗಳಿವು.

ಬೆಂಗಳೂರಿನ ಇಂಡಿಯನ್‌ ಇನ್‌ಸ್ಟಿಟ್ಯೂಟ್‌ ಆಫ್‌ ಆಸ್ಟ್ರೊಫಿಸಿಕ್ಸ್‌ ಮತ್ತು ರಾಮನ್‌ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ಕೇಂದ್ರವಿದು. ಮೊದಲ ದೂರದರ್ಶಕಕ್ಕೆ ಸಾವಿರ ಡೈಪೋಲು ಆಂಟೆನಾ. ಪೂರ್ವ-ಪಶ್ಚಿಮದ ತೋಳೊಂದೇ 1.38 ಕಿ.ಮೀ. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್‌. ಕಂಪನಾಂಕ ಇಷ್ಟು ತಗ್ಗಿದರೆ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರದ, ಕಾಟ ತಪ್ಪಿದ್ದಲ್ಲ; ದೂರದಿಂದ ಬಂದ ಅಲೆ ಅಲ್ಲಿ ಬಾಗುತ್ತದೆ, ಮಿನುಗುತ್ತದೆ. ಇನ್ನೂ ತಗ್ಗಿದರೆ, ನೆಲದಿಂದ ಕಳಿಸಿದ ಅಲೆಯನ್ನೇ ಅದು ವಾಪಸ್‌ ಕಳಿಸಿಬಿಡುತ್ತದೆ. ಶಾರ್ಟ್‌ವೇವ್‌ನಲ್ಲಿ ರೇಡಿಯೊ ಸಿಲೋನ್‌ ಕೇಳಿದವರೆಲ್ಲ ಅದರ ಋಣದಲ್ಲಿದ್ದಾರೆ.

ಆ ವಾಪಸಾತಿಯೇ ವಿಜ್ಞಾನಿಗಳ ಅಳತೆಗೋಲು. ಒಂದೇ ಕಂಪನಾಂಕದ ಅಲೆಯನ್ನು ಮೇಲಕ್ಕೆ ಬಿಟ್ಟು ಮರಳಿದ್ದನ್ನು ಗಮನಿಸಬೇಕು: ಪದರ ಮೇಲೇರುತ್ತಿದ್ದರೆ ಕಂಪನಾಂಕ ಚೂರು ತಗ್ಗುತ್ತದೆ, ಕೆಳಗಿಳಿಯುತ್ತಿದ್ದರೆ ಹೆಚ್ಚುತ್ತದೆ. ಇದೇ ಆಸ್ಟ್ರೊಫಿಸಿಕ್ಸ್‌ ಸಂಸ್ಥೆ ಕೊಡೈಕೆನಾಲ್‌ನಲ್ಲಿ ಈ ಡಾಪ್ಲರ್‌ ವಿಧಾನ ಬಳಸಿದೆ.

ಪದರವನ್ನು ಅಲುಗಿಸುವುದು ಒಮ್ಮೊಮ್ಮೆ ಸದ್ದು! ದೊಡ್ಡ ಭೂಕಂಪದಲ್ಲಿ ನೆಲ ಗಾಳಿಯನ್ನು ತಳ್ಳುತ್ತದೆ. ನಮ್ಮ ಕಿವಿಗೆ ಬೀಳದ ಆ ಮಂದ್ರ ಸದ್ದು ಮೇಲೇರಿದಂತೆ ಗಾಳಿ ತೆಳುವಾಗಿ, ಅಲೆಯ ಏರಿಳಿತ ಸಾವಿರಾರು ಪಟ್ಟು ಹಿಗ್ಗುತ್ತದೆ. ಸುಮಾರು ಹತ್ತು ನಿಮಿಷಕ್ಕೆ ಅಯಾನುಗೋಳ ಮುಟ್ಟುತ್ತದೆ. 2011ರ ಜಪಾನ್‌ ಭೂಕಂಪದಲ್ಲಿ ಇದು ಸ್ಪಷ್ಟವಾಗಿ ದಾಖಲಾಯಿತು. 2022ರ ಜನವರಿ 15ರಂದು ಟೊಂಗಾದಲ್ಲಿ ಸಿಡಿದ ಜ್ವಾಲಾಮುಖಿಯ ಒತ್ತಡದ ಅಲೆಯಂತೂ ಅಂದೇ ರಾತ್ರಿ ದಕ್ಷಿಣ ಭಾರತವನ್ನು ಹಾದುಹೋಯಿತು, ವಾಯುಭಾರಮಾಪಕಗಳು ಕುಪ್ಪಳಿಸಿದವು.

2021ರ ಡಿಸೆಂಬರ್‌ನಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೂ ನಡುಗಿತ್ತು. ತೀವ್ರತೆ 3ರ ಆಸುಪಾಸು. ಜನರನ್ನು ಮನೆಯಿಂದ ಹೊರಗೆ ಓಡಿಸಲು ಸಾಕು, ಮುಗಿಲ ಪದರ ಅಲುಗಿಸಲು ಸಾಲದು. ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚಲೆಂದು ಹೂಡಿದ, ಭೂಕಂಪಗಳನ್ನೂ ಆಲಿಸುವ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಜಾಲ 1965ರಿಂದ ಗೌರಿಬಿದನೂರಿನಲ್ಲಿದೆ. ನೆಲಕ್ಕೂ ಬಾನಿಗೂ ಕಿವಿಗೊಟ್ಟ ಊರು ನಾಡಿನಲ್ಲಿ ಅಪರೂಪ. ನಂದಿಬೆಟ್ಟಕ್ಕೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಮೊದಲೇ ಅನುಮತಿ ಪಡೆದು, ಈ ಬಯಲನ್ನೂ ತೋರಿಸಿಕೊಂಡು ಹೋಗಲಿ.