ಕೊರಳಿನ ಕಲೆ ಮರೆಯಾದರೆ ಸಾಕೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಥೈರಾಯ್ಡ್ ಗ್ರಂಥಿಯ ಒಂದು ಪಾಲನ್ನು ತೆಗೆಯಬೇಕೆಂದು ವೈದ್ಯರು ಹೇಳಿದಾಗ ಅವರು ನನ್ನನ್ನು ಕೇಳಿದರು: "ಸರ್, ಕೊರಳಲ್ಲಿ ಗಾಯವೇ ಆಗದಂತೆ ಬಾಯೊಳಗಿಂದ ತೆಗೆಯುತ್ತಾರಂತೆ. ಅದೇ ಒಳ್ಳೆಯದಲ್ಲವೇ?" ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟರು. ಆದರೆ ಈ ಪ್ರಶ್ನೆಯ ಬಹುಪಾಲು ಒತ್ತಡ, ಬೆಳಕು ಮತ್ತು ಉಷ್ಣಕ್ಕೆ ಸಂಬಂಧಿಸಿದ್ದು. ಆದ್ದರಿಂದ ಅದನ್ನು ಇಲ್ಲಿ ಪರಿಶೀಲಿಸೋಣ.

ಗ್ರಂಥಿಯ ನೆರೆಹೊರೆ

ಥೈರಾಯ್ಡ್ ಗ್ರಂಥಿ ಚಿಟ್ಟೆಯಾಕಾರದ್ದು. ಸುಮಾರು 20 ಗ್ರಾಂ ತೂಗುವ ಇದು ಶ್ವಾಸನಾಳವನ್ನು ಅಪ್ಪಿಕೊಂಡಿದೆ. ಇದರ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಬೇಳೆಯಷ್ಟೇ ದೊಡ್ಡವಾದ ಇವು ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುತ್ತವೆ. ಪಕ್ಕದಲ್ಲೇ ಧ್ವನಿತಂತುಗಳನ್ನು ಆಡಿಸುವ ನರಗಳು ಹಾದುಹೋಗುತ್ತವೆ. ಎಡಬದಿಯ ನರವಂತೂ ಎದೆಯವರೆಗೆ ಇಳಿದು, ಮಹಾಪಧಮನಿಯನ್ನು ಬಳಸಿ ಮತ್ತೆ ಕೊರಳಿಗೆ ಏರಿ ಬರುತ್ತದೆ. ಒಂದು ಬದಿಯ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಎರಡೂ ಬದಿಗೆ ಪೆಟ್ಟಾದರೆ ಉಸಿರಾಟವೇ ಕಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಈ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಮತ್ತು ಸೋಂಕಿನಿಂದ ಅನೇಕರು ಸಾಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಚರ್ ರಕ್ತನಾಳಗಳನ್ನು ಒಂದೊಂದಾಗಿ ಕಟ್ಟಿ, ನಿಧಾನವಾಗಿ, ನೈರ್ಮಲ್ಯದಿಂದ ಕತ್ತರಿಸುವ ವಿಧಾನವನ್ನು ರೂಪಿಸಿ ಸಾವಿನ ಪ್ರಮಾಣವನ್ನು ಶೇಕಡಾ 1ಕ್ಕಿಂತ ಕೆಳಗಿಳಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಕೊರಳ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಅವರ ಪದ್ಧತಿಯೇ ಇಂದಿನ ಸಾಂಪ್ರದಾಯಿಕ ವಿಧಾನದ ಮೂಲ.

ಹೊಸ ದಾರಿಗಳು

1996ರಲ್ಲಿ ಮಿಷೆಲ್ ಗಾನ್ಯೇ ಎಂಬ ಶಸ್ತ್ರವೈದ್ಯರು ಎಂಡೋಸ್ಕೋಪ್ ಬಳಸಿ ಪ್ಯಾರಾಥೈರಾಯ್ಡ್ ತೆಗೆದ ಮೊದಲ ವರದಿಯನ್ನು ಪ್ರಕಟಿಸಿದರು. ಮರುವರ್ಷ ಥೈರಾಯ್ಡ್‌ನ ಒಂದು ಪಾಲನ್ನೂ ಹೀಗೆ ತೆಗೆದ ವರದಿ ಬಂತು. ಬಳಿಕ ದಾರಿಗಳು ಕವಲೊಡೆದವು. ಇಟಲಿಯ ಪೀಸಾ ನಗರದಲ್ಲಿ ಪಾವೊಲೊ ಮಿಕ್ಕೋಲಿ ಕೊರಳಲ್ಲೇ ಸುಮಾರು 1.5 ಸೆಂಟಿಮೀಟರ್ ಕೊಯ್ದು, ಎಂಡೋಸ್ಕೋಪ್ ತೋರಿಸುವ ಹಿಗ್ಗಿದ ಬಿಂಬವನ್ನು ನೋಡುತ್ತ ಕೆಲಸ ಮಾಡಿದರು. ಜಪಾನ್ ಮತ್ತು ಕೊರಿಯಾದ ವೈದ್ಯರು ಕಂಕುಳು, ಎದೆಯ ಮೂಲಕ ಒಳಹೊಕ್ಕರು. ಕೊರಿಯಾದಲ್ಲಿ 2007ರಿಂದ ರೋಬಾಟ್ ಕೂಡ ಜೊತೆಯಾಯಿತು. ಥಾಯ್ಲೆಂಡಿನ ಅಂಗೂನ್ ಅನುವಾಂಗ್ ಕೆಳತುಟಿಯ ಒಳಬದಿಯಲ್ಲಿ ಮೂರು ರಂಧ್ರಗಳನ್ನು ಮಾಡಿ ನಡೆಸಿದ 60 ಶಸ್ತ್ರಚಿಕಿತ್ಸೆಗಳ ವರದಿಯನ್ನು 2016ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಪೀಸಾದ ವಿಧಾನದಲ್ಲಿ ಗಾಯ ನಿಜಕ್ಕೂ ಚಿಕ್ಕದು. ಕಂಕುಳಿನಿಂದ ಹೋಗುವಾಗಲಾದರೋ ಚರ್ಮದಡಿಯಲ್ಲಿ ಕೊರಳವರೆಗೆ ಉದ್ದನೆಯ ಸುರಂಗ ತೋಡಬೇಕು. ಕಲೆ ಮರೆಯಾಗುತ್ತದೆ, ಆದರೆ ಒಳಗೆ ಬಿಡಿಸುವ ಅಂಗಾಂಶ ಹೆಚ್ಚು. ಕಣ್ಣಿಗೆ ಕಾಣದ ಗಾಯವೆಲ್ಲ ಚಿಕ್ಕ ಗಾಯವಲ್ಲ.

ಅಪಾಯಗಳ ಭೌತವಿಜ್ಞಾನ

ಹೊಟ್ಟೆಯಲ್ಲಿ ಅನಿಲ ತುಂಬಿ ಹಿಗ್ಗಿಸಲು ಸಹಜವಾದ ಅವಕಾಶವಿದೆ. ಕೊರಳಲ್ಲಿ ಅಂಥ ಪೊಳ್ಳು ಇಲ್ಲ, ಅದನ್ನು ಸೃಷ್ಟಿಸಬೇಕು. ಬಾಯಿಯ ದಾರಿಯಲ್ಲಿ ಇದಕ್ಕೆ ಬಳಸುವುದು ಕಾರ್ಬನ್ ಡೈ ಆಕ್ಸೈಡ್. ಒತ್ತಡ ಸುಮಾರು 6 ಮಿಲಿಮೀಟರ್ ಪಾದರಸ, ಅಂದರೆ 800 ಪಾಸ್ಕಲ್. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸುವುದರ ಅರ್ಧದಷ್ಟು. ಒತ್ತಡ ಮಿತಿಮೀರಿದರೆ ಅನಿಲ ಚರ್ಮದಡಿ ಹರಡುತ್ತದೆ, ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ. 1996ರ ಆ ಮೊದಲ ರೋಗಿಯಲ್ಲಿ ಆದದ್ದೂ ಇದೇ. ಅಭಿಧಮನಿಯೊಂದು ಹರಿದು, ಅದರೊಳಗಿನ ಒತ್ತಡ ಹೊರಗಿನ ಅನಿಲದ ಒತ್ತಡಕ್ಕಿಂತ ಕಡಿಮೆ ಇದ್ದರೆ ಅನಿಲದ ಗುಳ್ಳೆಗಳು ಹೃದಯ ಸೇರಬಹುದು. ಇದು ವಿರಳ, ಆದರೆ ಪ್ರಾಣಾಪಾಯಕಾರಿ. ಗಾಳಿಯ ಬದಲು ಈ ಅನಿಲವನ್ನೇ ಆರಿಸಲು ಕಾರಣ, ಅದು ರಕ್ತದಲ್ಲಿ ಬೇಗ ಕರಗುತ್ತದೆ, ಉರಿಯಲು ನೆರವಾಗುವುದಿಲ್ಲ.

ಎರಡನೆಯದು ಉಷ್ಣ. ಇಕ್ಕಟ್ಟಾದ ಜಾಗದಲ್ಲಿ ದಾರ ಕಟ್ಟುವುದು ಕಷ್ಟ. ಆದ್ದರಿಂದ ಶ್ರವಣಾತೀತ ಕತ್ತರಿಯಿಂದ ರಕ್ತನಾಳಗಳನ್ನು ಬೆಸೆದು ಕತ್ತರಿಸುತ್ತಾರೆ. ಇದರ ಅಲಗು ಸೆಕೆಂಡಿಗೆ ಸುಮಾರು 55,500 ಬಾರಿ ಕಂಪಿಸುತ್ತದೆ. ಅದರ ಒಟ್ಟು ಚಲನೆ 100 ಮೈಕ್ರೋಮೀಟರ್ ಎಂದುಕೊಳ್ಳಿ. ಪಾರ 50 ಮೈಕ್ರೋಮೀಟರ್ ಆಗುತ್ತದೆ; ಸರಳ ಸಂಗತ ಚಲನೆಯ ಸೂತ್ರದಂತೆ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 17 ಮೀಟರ್. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಈ ಘರ್ಷಣೆಯ ಶಾಖದಿಂದ ಅಂಗಾಂಶ ಬೆಸೆಯುತ್ತದೆ. ಆದರೆ ಕಂಪನ ನಿಂತ ಮೇಲೂ ಅಲಗು ಕೆಲವು ಸೆಕೆಂಡು ಬಿಸಿಯಾಗಿಯೇ ಇರುತ್ತದೆ. ಆಗ ಅದು ನರವನ್ನು ಮುಟ್ಟಿದರೆ ಕತ್ತರಿಸದೆಯೇ ಕೆಡಿಸಬಲ್ಲದು.

ಇವುಗಳ ಜೊತೆಗೆ ದಾರಿಗೊಂದು ವಿಶೇಷ ಅಪಾಯವಿದೆ. ಬಾಯಿಯಿಂದ ಹೋದರೆ ಗದ್ದದ ನರಕ್ಕೆ ಪೆಟ್ಟಾಗಿ ತುಟಿ ಮರಗಟ್ಟಬಹುದು, ಬಾಯಿಯ ಬ್ಯಾಕ್ಟೀರಿಯಾಗಳಿಂದ ಸೋಂಕು ತಗಲಬಹುದು. ಕಂಕುಳಿನಿಂದ ಹೋದರೆ, ಎತ್ತಿಟ್ಟ ತೋಳಿನ ನರಗಳು ಜಗ್ಗಿ ಕೈ ದುರ್ಬಲವಾಗಬಹುದು. ದನಿಯ ನರ, ಕ್ಯಾಲ್ಸಿಯಂ ಕೊರತೆ, ರಕ್ತ ಹೆಪ್ಪುಗಟ್ಟಿ ಶ್ವಾಸನಾಳವನ್ನು ಒತ್ತುವುದು ಇವು ಎಲ್ಲ ವಿಧಾನಗಳಿಗೂ ಸಮಾನ. ಧ್ವನಿತಂತುಗಳ ಬಳಿ ವಿದ್ಯುದಗ್ರಗಳನ್ನಿಟ್ಟು, ಸುಮಾರು 1 ಮಿಲಿಆಂಪಿಯರ್ ಪ್ರವಾಹದಿಂದ ನರವನ್ನು ಪ್ರಚೋದಿಸಿ ಅದರ ಸುಸ್ಥಿತಿಯನ್ನು ಪರೀಕ್ಷಿಸುವ ತಂತ್ರ ಇಂದು ನೆರವಿಗಿದೆ. ಅದು ಎಚ್ಚರಿಸುತ್ತದೆ, ಕೈಯ ಅನುಭವಕ್ಕೆ ಬದಲಿಯಾಗದು.

ಕೇಳಬೇಕಾದ ಪ್ರಶ್ನೆಗಳು

ದೊಡ್ಡ ಗಳಗಂಡ, ಎದೆಯೊಳಗೆ ಇಳಿದ ಗ್ರಂಥಿ, ಸುತ್ತಲೂ ಹರಡಿದ ಕ್ಯಾನ್ಸರ್ ಇದ್ದವರಿಗೆ ಈ ಹೊಸ ದಾರಿಗಳು ಸಾಮಾನ್ಯವಾಗಿ ಹೊಂದುವುದಿಲ್ಲ. ಆದ್ದರಿಂದ ಆ ಶಿಕ್ಷಕಿಗೆ ನಾನು ಉತ್ತರ ಹೇಳಲಿಲ್ಲ, ಪ್ರಶ್ನೆಗಳನ್ನು ಕೊಟ್ಟೆ: ನನ್ನ ಗಂಟಿಗೆ ಈ ದಾರಿ ತಕ್ಕದ್ದೇ? ನೀವು ಇಂಥವನ್ನು ಎಷ್ಟು ಮಾಡಿದ್ದೀರಿ? ನಡುವೆ ತೊಡಕಾದರೆ ಕೊರಳನ್ನೇ ಕೊಯ್ಯುವ ಸಿದ್ಧತೆ ಇದೆಯೇ? ಮುಂಚೆ ಮತ್ತು ಆನಂತರ ಧ್ವನಿತಂತುಗಳನ್ನು ಪರೀಕ್ಷಿಸುತ್ತೀರಾ?

ಉತ್ತರಗಳನ್ನು ಕೇಳಿದ ಮೇಲೆ ಆಕೆ ಕೊರಳ ಮಡಿಕೆಯಲ್ಲೇ ಕೊಯ್ಯುವ ಹಳೆಯ ವಿಧಾನವನ್ನು ಆರಿಸಿಕೊಂಡರು. ಇನ್ನೊಬ್ಬರಿಗೆ ಇನ್ನೊಂದು ವಿಧಾನ ಸರಿಯಿರಬಹುದು. ಪಾಠ ಹೇಳುವವರಿಗೆ ದನಿಯೇ ಬಂಡವಾಳ. ಕಲೆಯ ಯೋಚನೆ ಅದರ ನಂತರದ್ದು.