ಬಡವರ ಕನಸಿಗೊಂದು ಅಳತೆ

ಶಿಡ್ಲಘಟ್ಟದ ಕಡೆಯ ಸಣ್ಣ ರೈತನ ಮನೆಯಲ್ಲಿ ಆಸೆಗೂ ಒಂದು ಅವಧಿಯುಂಟು. ಮೊಟ್ಟೆಯೊಡೆದ ರೇಷ್ಮೆಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟುವ ವೇಳೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟರೊಳಗೆ ಸುಣ್ಣಕಟ್ಟು ರೋಗ ತಗುಲದೆ, ಗೂಡಿನ ಧಾರಣೆಯೂ ಕುಸಿಯದೆ ಇದ್ದರೆ ಸಾಲದ ಬಡ್ಡಿ ತೀರೀತು. ಮಗಳ ಓದು ಇನ್ನೊಂದು ವರ್ಷ ಸಾಗೀತು. ಸಿರಿವಂತನ ಕನಸಿಗೆ ಎಲ್ಲೆಯಿಲ್ಲ. ಬಡವನದಕ್ಕೆ ಮೊಳದ ಅಳತೆಯುಂಟು. ಆ ಅಳತೆಯನ್ನರಿತ ಲೇಖಕನೇ ಬಡತನದ ನಿಜವನ್ನು ಬರೆಯಬಲ್ಲನು.

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು. ಜೀತದಾಳಾದ ಚೋಮನು ಅರಮನೆಯನ್ನು ಬಯಸಿದವನಲ್ಲ. ತಾನು ಸಾಕಿದ ಎತ್ತುಗಳನ್ನು ಕಟ್ಟಿ ಉಳಲು ತುಂಡು ನೆಲ ಬೇಕೆಂದನು, ಅಷ್ಟೆ. ಹೊಲೆಯನು ಬೇಸಾಯ ಮಾಡಕೂಡದೆಂಬ ಕಟ್ಟಳೆ ಅದಕ್ಕೆ ಅಡ್ಡ ನಿಂತಿತು. ಅವನ ಎದೆಯಲ್ಲಿ ಉಳಿದದ್ದೆಲ್ಲ ದುಡಿಯ ಬಡಿತವಾಗಿ ಹೊರಬಂದಿತು.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಅಲೆಯುತ್ತಾಳೆ. ಆ ಮನೆಯವರು ಒಂದು ರಾತ್ರಿ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿಯನ್ನು ಹೊಟ್ಟೆತುಂಬ ತಿನ್ನುತ್ತಾರೆ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲನ್ನು ಬರೆಯುತ್ತಾಳೆ. ಹಸಿವಿನ ನಡುವೆ ನವಿಲಿಗೇನು ಕೆಲಸವೆಂದು ಕೇಳುವವರು ಬಡವರಿಗೆ ಹೊಟ್ಟೆಯೊಂದೇ ಇದೆಯೆಂದು ಬಗೆದವರು.

ಇವು ಕಲ್ಪನೆಯ ಕೃತಿಗಳು. ನಮ್ಮ ಸೀಮೆಯಲ್ಲಿಯೇ ಬದುಕಿ ಬರೆದವರ ಸಾಕ್ಷ್ಯವೂ ಉಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಆಸೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಆತ್ಮಕಥೆಯ ಹೆಸರು 'ಹೋರಾಟದ ಹಾದಿ'.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ಅವರು ನಡೆದು ಗೆದ್ದರು, ಉಳಿದವರೂ ಗೆಲ್ಲಬಹುದು' ಎಂದು ಹೊಟ್ಟೆ ತುಂಬಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಚೋಮನು ದುಡಿದದ್ದೇನು ಕಡಿಮೆಯೆ? ನರಸಿಂಹಯ್ಯನವರ ದಾರಿಯ ಕೊನೆಯಲ್ಲಿ ಒಂದು ಶಾಲೆಯ ಬಾಗಿಲು ತೆರೆದಿತ್ತು. ಚೋಮನ ದಾರಿಯ ಕೊನೆಯಲ್ಲಿ ಅದು ಮುಚ್ಚಿತ್ತು. ಈ ಭೇದವನ್ನು ಮರೆಸಿ ಭರವಸೆಯನ್ನು ಮಾತ್ರ ಕೊಂಡಾಡುವ ಕಥೆಯು ಬಡವನ ಸೋಲಿನ ಹೊರೆಯನ್ನೂ ಅವನ ತಲೆಗೇ ಕಟ್ಟುತ್ತದೆ. ನರಸಿಂಹಯ್ಯನವರು ಇದನ್ನು ಬಲ್ಲವರಾಗಿದ್ದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ನೆಲೆಗೊಳ್ಳುವಂತೆ ಅವರು ದುಡಿದದ್ದು, ತಾವು ನಡೆದಷ್ಟು ದೂರ ಮುಂದಿನ ಮಕ್ಕಳು ನಡೆಯಬಾರದೆಂದೇ ಅಲ್ಲವೆ?

ಚಿಕ್ಕಬಳ್ಳಾಪುರ, ಚಿಂತಾಮಣಿಗಳ ತರಗತಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಬಸ್ಸು ಹಿಡಿದು ಬಂದ ಮಕ್ಕಳು ಕುಳಿತಿರುತ್ತಾರೆ. ಅವರಿಗೆ ಕನಸು ಕಾಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಾಗಿಲು ತೆರೆದಿದೆಯೇ ಎಂದು ನೋಡಬೇಕಾದವರು ನಾವು.